ಹತ್ಯಾರದ ಹೆಸರು ಯಾವ ಭಾಷೆಯದು?



ನಮ್ಮ ಬಂಧುವರ್ಗದ ತರುಣನೊಬ್ಬ ಈಚೆಗೆ ಒಂದು ಪಟ್ಟಿಯನ್ನು ಸಿದ್ಧಪಡಿಸಿ, ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಕೇಳಿದ. ಬಡಗಿಗಳು, ಗೌಂಡಿಗಳು, ಮೆಕ್ಯಾನಿಕರು ಬಳಸುವ ಕೈ ಉಪಕರಣಗಳಿಗೆ ‘ಅಚ್ಚ ಕನ್ನಡ’ ಹೆಸರುಗಳ ಪಟ್ಟಿ ಅದು. ಎಡಭಾಗದಲ್ಲಿ ಪಾನಾ, ಪಕ್ಕಡ, ಪೇಚಕಸ, ಜಂಬೂರು, ರಂದಾ, ಬರಮಾ, ಗುನಿಯಾ, ಸ್ಪ್ಯಾನರ್, ಸ್ಕ್ರೂಡ್ರೈವರ್ ಎಂದು ಬರೆದು, ಬಲಭಾಗದಲ್ಲಿ ಅವುಗಳ ಸ್ಥಾನದಲ್ಲಿ ನಾವು ಬಳಸಬೇಕಾದ ಶಬ್ದಗಳನ್ನು ಕೊಟ್ಟಿದ್ದ. ಉರ್ದು ಮತ್ತು ಇಂಗ್ಲಿಷ್ ಶಬ್ದಗಳನ್ನು ನಮ್ಮ ಕೆಲಸಗಾರರ ಬಾಯಿಂದ ಬಿಡಿಸಬೇಕೆಂಬುದು ಅವನ ಆಶಯ. ರಾಜ್ಯೋತ್ಸವದ ದಿನ ಅದನ್ನು ಅಚ್ಚು ಹಾಕಿಸಿ ಬಾಗಲಕೋಟೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹಂಚುವ ಯೋಜನೆಯೂ ಇತ್ತು. ಹುಡುಗನ ಭಾಷಾಪ್ರೇಮ ಮೆಚ್ಚತಕ್ಕದ್ದೇ. ಆದರೆ ಅವನ ಕಾಳಜಿ ಸರಿಯಾದದ್ದಾದರೂ ಅವನು ಗುರಿಯಿಟ್ಟ ಜಾಗ ತಪ್ಪು ಎಂದು ನನಗೆ ಅನಿಸಿತು. ದೂರವಾಣಿಯಲ್ಲಿ ಅದನ್ನು ವಿವರಿಸಲು ಆಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಉಪಕರಣ ಎಂದು ಯಾವ ಬಡಗಿಯೂ ಹೇಳುವುದಿಲ್ಲ, ಹತ್ಯಾರ ಎನ್ನುತ್ತಾನೆ. ಇದು ಹಿಂದಿ-ಉರ್ದುವಿನ ಹಥಿಯಾರ್. ಅಲ್ಲಿ ಅದಕ್ಕೆ ಆಯುಧ ಎಂಬ ಅರ್ಥವೇ ಮುಖ್ಯ. ನಮ್ಮಲ್ಲಿ ಅದು ಯುದ್ಧವನ್ನು ಬಿಟ್ಟು ಕೆಲಸಕ್ಕೆ ಬಂದು ನಿಂತಿದೆ. ಹಳೆಯ ಕನ್ನಡದಲ್ಲಿ ‘ಮುಟ್ಟು’ ಎಂಬ ಒಳ್ಳೆಯ ಶಬ್ದವಿತ್ತು. ಆದರೆ ಅದಕ್ಕಿರುವ ಇನ್ನೊಂದು ಅರ್ಥದಿಂದಾಗಿ ಹೈಸ್ಕೂಲಿನ ತರಗತಿಯಲ್ಲಿ ಅದನ್ನು ಉಚ್ಚರಿಸಿ ಪಾಠ ಮುಂದುವರಿಸುವುದು ಎಷ್ಟು ಕಷ್ಟವೆಂಬುದನ್ನು ವಿಜ್ಞಾನದ ಮೇಷ್ಟರುಗಳೇ ಬಲ್ಲರು!

ಒಬ್ಬ ಹಳೆಯ ಬಡಗಿಯ ಚೀಲವನ್ನು ನೆಲದ ಮೇಲೆ ಸುರಿದು ನೋಡೋಣ. ಮೊದಲು ಕೈಗೆ ಸಿಗುವವು ಉಳಿ, ಬಾಚಿ, ಸುತ್ತಿಗೆ, ಗರಗಸ, ಕೊಡಲಿ. ಇವುಗಳ ಹೆಸರನ್ನು ಯಾವ ಅರಸೊತ್ತಿಗೆಯೂ ಬದಲಿಸಲಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ, ಕ್ರಿ.ಶ. 578ರ ಶಾಸನವಿದೆ. ಆ ಮರಳುಗಲ್ಲಿನ ಬೆಟ್ಟವನ್ನು ಕೊರೆದವರ ಕೈಯಲ್ಲಿಯೂ ಉಳಿ-ಸುತ್ತಿಗೆಗಳೇ ಇದ್ದವು. ಅದೇ ಚೀಲದಲ್ಲಿ ಅವುಗಳಿಗೆ ಹೊಂದಿಕೊಂಡೇ ಎರಡನೆಯ ಗುಂಪು ಇರುತ್ತದೆ: ರಂದಾ, ಬರಮಾ, ಜಂಬೂರು, ಗುನಿಯಾ. ಮರದ ಮೈ ನಯಗೊಳಿಸುವ ರಂದಾ ಪಾರಸಿಯದು. ಕಮಾನಿನಿಂದ ತಿರುಗಿಸಿ ತೂತು ಕೊರೆಯುವ ಬರಮಾ ಹಿಂದುಸ್ತಾನಿಯದು, ಅದನ್ನು ತಿರುಗಿಸುವ ಕಮಾನು ಮತ್ತೆ ಪಾರಸಿಯದು. ಮೂರನೆಯ ಗುಂಪಿನಲ್ಲಿ ಇಸ್ಕ್ರೂ, ಟೇಪು, ಹೆಕ್ಸಾ ಬ್ಲೇಡು. ಇವು ಇಂಗ್ಲಿಷರ ಕಾಲದವು ಮತ್ತು ಅನಂತರದವು. ಮಣ್ಣಿನ ಪದರಗಳನ್ನು ನೋಡಿ ಭೂಮಿಯ ವಯಸ್ಸನ್ನು ಹೇಳುವಂತೆ, ಈ ಚೀಲದ ಪದರಗಳಲ್ಲಿ ನಮ್ಮ ಭಾಗದ ಚರಿತ್ರೆಯನ್ನು ಓದಬಹುದು.

ಈ ಹೆಸರುಗಳ ಹಿಂದಿನ ಕಥೆಗಳು ಸ್ವಾರಸ್ಯಕರವಾಗಿವೆ. ಜಂಬೂರು ಎಂಬುದಕ್ಕೆ ಮೂಲದಲ್ಲಿ ಕಣಜದ ಹುಳು ಎಂದರ್ಥ. ಮೊಳೆಯ ತಲೆಯನ್ನು ಕಚ್ಚಿ ಬಿಡದೆ ಎಳೆಯುವ ಆ ಎರಡು ದವಡೆಗಳನ್ನು ಕಂಡವರಿಗೆ ಈ ಹೆಸರು ಏಕೆ ಬಂತೆಂದು ಹೇಳಬೇಕಾಗಿಲ್ಲ. ಗೌಂಡಿ ಗೋಡೆಯ ಮೂಲೆಗೆ ಹಿಡಿದು ನೋಡುವ ಗುನಿಯಾ ಪಾರಸಿಗೆ ಬಂದದ್ದು ಗ್ರೀಕ್ ಭಾಷೆಯ ‘ಗೋನಿಯಾ’ದಿಂದ, ಅಂದರೆ ಕೋನ. ನಿಮಗೆ ನಾನು ಕಲಿಸಿದ ಟ್ರಿಗೊನಾಮೆಟ್ರಿಯ ನಡುವೆ ಕುಳಿತಿರುವ ‘ಗೊನ್’ ಅದೇ. ಹುನಗುಂದದ ಗೌಂಡಿ ‘ಗುನಿಯಾ ಹಚ್ಚಿ ನೋಡು’ ಎಂದಾಗ, ಯೂಕ್ಲಿಡ್‌ನ ಭಾಷೆಯ ಒಂದು ಶಬ್ದವನ್ನು ಅವನು ಸುಣ್ಣದ ಕೈಯಿಂದ ಎತ್ತಿಕೊಂಡಿರುತ್ತಾನೆ. ಇನ್ನು ಪೇಚಕಸ. ಪೇಚ್ ಎಂದರೆ ತಿರುಚು, ತಿರುಪು. ಕಶ್ ಎಂದರೆ ಎಳೆಯುವುದು. ಇದು ಪರಭಾಷೆಯದೆಂದು ಮೂಗು ಮುರಿಯುವವರು ತಮ್ಮ ಸಂಸಾರದ ‘ಪೇಚಾಟ’ವನ್ನೂ ಬಿಡಬೇಕಾಗುತ್ತದೆ. ಏಕೆಂದರೆ ನಾವು ‘ಪೇಚಿಗೆ ಸಿಕ್ಕೆ’ ಎನ್ನುವಾಗ ಹೇಳುತ್ತಿರುವುದು ಅದೇ ತಿರುಪನ್ನು. ಪಕ್ಕಡವಂತೂ ಪಾರಸಿಯೂ ಅಲ್ಲ, ಅರಬ್ಬಿಯೂ ಅಲ್ಲ, ಹಿಡಿ ಎಂಬರ್ಥದ ಸರಳ ಹಿಂದುಸ್ತಾನಿ ಶಬ್ದ.

ಇವೆಲ್ಲ ನಮ್ಮಲ್ಲಿಗೆ ಹೇಗೆ ಬಂದವು? 1686ರಲ್ಲಿ ಔರಂಗಜೇಬನಿಗೆ ಸೋಲುವವರೆಗೆ ವಿಜಾಪುರದ ಆದಿಲಶಾಹಿಗಳು ಈ ಭಾಗವನ್ನು ಆಳಿದರು. ಅನಂತರ ಮೊಗಲರು, ಸವಣೂರಿನ ನವಾಬರು, ಪೇಶ್ವೆಗಳು ಬಂದರು. 1818ರ ತರುವಾಯ ಕಂಪನಿ ಸರಕಾರ ಬಂತು, 1956ರ ನವೆಂಬರ್‌ವರೆಗೆ ನಾವು ಮುಂಬಯಿಯ ಆಡಳಿತದಲ್ಲಿದ್ದೆವು. ಆಳಿದವರು ಬಿಟ್ಟುಹೋದ ಶಬ್ದಗಳು ಹೆಚ್ಚಾಗಿ ಕಚೇರಿಯವು: ಜಮೀನು, ತಕರಾರು, ವಸೂಲಿ, ಅರ್ಜಿ. ಆದರೆ ರಂದಾ, ಜಂಬೂರುಗಳನ್ನು ಯಾವ ಸುಲ್ತಾನನೂ ಹುಕುಂ ಹೊರಡಿಸಿ ತಂದವನಲ್ಲ. ಒಂದೇ ಕಟ್ಟಡದ ಮೇಲೆ ಹೆಗಲಿಗೆ ಹೆಗಲು ಹಚ್ಚಿ ದುಡಿದವರು ‘ಅದನ್ನಿಷ್ಟು ಕೊಡು’ ಎಂದು ಕೈಚಾಚುವಾಗ ಆದ ವಿನಿಮಯ ಅದು. ಮನೆಯಲ್ಲಿ ದಖ್ಖನಿ ಆಡುವ ಇಳಕಲ್ಲಿನ ಮುಸಲ್ಮಾನ ಬಡಗಿಯು ಉಳಿಗೆ ಉಳಿಯೆಂದೇ ಅನ್ನುತ್ತಾನೆ. ವಿಭೂತಿ ಧರಿಸಿದ ಬಡಿಗೇರರ ಅಜ್ಜ ರಂದಾಕ್ಕೆ ರಂದಾ ಎಂದೇ ಅನ್ನುತ್ತಾನೆ. ಈ ಶಬ್ದಗಳನ್ನು ಈಗ ‘ಅವರದು’, ‘ಇವರದು’ ಎಂದು ಎರಡು ಚೀಲಗಳಿಗೆ ಹಂಚುವ ಕೆಲಸ ನನಗೆ ಒಪ್ಪಿಗೆಯಿಲ್ಲ. ಹಂಚಿದರೆ ಎರಡು ಚೀಲದವರಿಗೂ ಒಂದು ಬಾಗಿಲನ್ನು ಪೂರ್ತಿ ಮಾಡಲು ಬರಲಿಕ್ಕಿಲ್ಲ.

ಹೊಲದ ಸಾಮಾನುಗಳ ಕಥೆ ಬೇರೆ. ರಂಟಿ, ಕುಂಟಿ, ಕೂರಿಗಿ, ಕುಡ, ನೊಗ, ಮಿಣಿ, ಕುಡಗೋಲು, ಬಾರುಕೋಲು ಇವುಗಳ ಹತ್ತಿರ ಹೊರಗಿನ ಶಬ್ದ ಹೆಚ್ಚಾಗಿ ಸುಳಿಯಲಿಲ್ಲ. ಒಕ್ಕಲುತನವನ್ನು ನಮಗೆ ಹೊರಗಿನವರು ಕಲಿಸಲಿಲ್ಲ, ಅಷ್ಟೆ. ಕೆಲಸ ಎಲ್ಲಿಂದ ಬರುತ್ತದೆಯೋ ಹೆಸರೂ ಅಲ್ಲಿಂದಲೇ ಬರುತ್ತದೆ.

ಇನ್ನು ಪಟ್ಟಿಯ ಬಲಭಾಗದ ವಿಷಯ. ಅಲ್ಲಿದ್ದ ‘ಅಚ್ಚ ಕನ್ನಡ’ಗಳಲ್ಲಿ ಗರಗಸವಿತ್ತು, ಅದು ಸಂಸ್ಕೃತದ ಕ್ರಕಚದ ತದ್ಭವ. ಕತ್ತರಿಯಿತ್ತು; ಅದು ಕರ್ತರಿ. ಸೂಜಿ, ಸೂಚಿ. ಕೊಡಲಿಯನ್ನೂ ನಾವು ಕುಠಾರದ ತದ್ಭವವೆಂದೇ ವ್ಯಾಕರಣದಲ್ಲಿ ಓದಿದ್ದೇವೆ. ಸಾವಿರ ವರ್ಷದ ಹಿಂದೆ ಬಂದ ಅಳಿಯ ಮನೆಮಗನಾಗಬಹುದಾದರೆ, ನಾನೂರು ವರ್ಷದ ಹಿಂದೆ ಬಂದವನು ಇನ್ನೂ ಪಡಸಾಲೆಯಲ್ಲೇ ಕೂರಬೇಕೇ? ಹೊಸದಾಗಿ ಟಂಕಿಸಿದ ಸಂಸ್ಕೃತ ಶಬ್ದಗಳ ಅವಸ್ಥೆ ಇನ್ನೂ ವಿಚಿತ್ರ. ಸಂಸ್ಕೃತದಲ್ಲಿ ಗರಗಸಕ್ಕೆ ‘ಕರಪತ್ರ’ ಎಂಬ ಹೆಸರೂ ಉಂಟು. ಮರಾಠಿಯ ಕರವತ ಅದರಿಂದಲೇ ಬಂದದ್ದು. ಇದನ್ನು ಯಾರಾದರೂ ಮರಳಿ ಚಾಲ್ತಿಗೆ ತಂದರೆ, ಚುನಾವಣೆಯ ಕಾಲದಲ್ಲಿ ಮನೆಮನೆಗೆ ಕರಪತ್ರ ಹಂಚಿದರೆಂಬ ಸುದ್ದಿ ಓದಿ ಜನ ಬಾಗಿಲು ಹಾಕಿಕೊಳ್ಳಬೇಕಾದೀತು. ಅಷ್ಟೇಕೆ, ಕೆಲಸದ ಯಜಮಾನನಿಗೆ ನಾವು ಗೌರವದಿಂದ ಹೇಳುವ ‘ಮಿಸ್ತ್ರಿ’ ಉರ್ದುವೂ ಅಲ್ಲ, ಪೋರ್ತುಗೀಜರ ‘ಮೆಸ್ತ್ರೆ’. ಅವನ ಸೊಂಟದ ಚಾವಿಯೂ ಅವರದೇ, ಶನಿವಾರ ಅವನು ಹಂಚುವ ಪಗಾರವೂ ಅವರದೇ. ರೆವರೆಂಡ್ ಕಿಟೆಲ್ಲರು 1894ರ ತಮ್ಮ ನಿಘಂಟಿನಲ್ಲಿ ಇಂಥ ಶಬ್ದಗಳ ಮುಂದೆ ಹಿಂದುಸ್ತಾನಿ, ಮರಾಠಿ ಎಂದು ಗುರುತು ಹಾಕಿದರೇ ವಿನಾ ಅವನ್ನು ಹೊರಗೆ ಹಾಕಲಿಲ್ಲ. ನಿಘಂಟಿನ ಅಜ್ಜ ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗಾಗಿಯೇ ಒಂದು ಕೋಶವನ್ನು ಮಾಡಿದರು. ಬಲ್ಲವರ ನಡೆ ಹೀಗಿತ್ತು.

ಈ ಶುದ್ಧಿಯ ಹಟ ಮಕ್ಕಳಿಗೆ ಏನು ಮಾಡುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾದಾಮಿ ತಾಲೂಕಿನ ಒಂದು ಶಾಲೆಯಲ್ಲಿ ನಾನು ಎಂಟನೆಯ ತರಗತಿಗೆ ಸರಳ ಯಂತ್ರಗಳ ಪಾಠ ಮಾಡಿದ್ದೆ. ಮೊದಲನೆಯ ವರ್ಗದ ಸನ್ನೆಗೆ ಮೂರು ಉದಾಹರಣೆ ಬರೆಯಿರೆಂದು ಹೇಳಿದ್ದೆ. ಬಡಗಿಯ ಮಗನೊಬ್ಬ ‘ಪಕ್ಕಡ, ಜಂಬೂರು, ಕತ್ತರಿ’ ಎಂದು ಬರೆದಿದ್ದ. ಮೂರೂ ಸರಿ; ಮೂರರಲ್ಲಿಯೂ ಆಧಾರಬಿಂದು ನಡುವೆ, ಬಲ ಒಂದು ಕಡೆ, ಭಾರ ಇನ್ನೊಂದು ಕಡೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಆ ವಹಿಯನ್ನು ತೆಗೆದು, ಮೊದಲಿನ ಎರಡಕ್ಕೂ ಕೆಂಪು ಗೀಟು ಹೊಡೆದು ‘ಇಕ್ಕಳ’ ಎಂದು ತಿದ್ದಿ, ಹುಡುಗನನ್ನು ನಿಲ್ಲಿಸಿ “ಇದು ಕನ್ನಡ ಶಾಲೆ, ಗ್ಯಾರೇಜಲ್ಲ” ಎಂದರು. ಇಡೀ ತರಗತಿ ನಕ್ಕಿತು. ಹುಡುಗ ಮಾತ್ರ ನಗಲಿಲ್ಲ, ಅಳಲೂ ಇಲ್ಲ. ಅವರು ಹೋದ ಮೇಲೆ ಮೆಲ್ಲಗೆ ಬಂದು ಕೇಳಿದ: “ಸರ್, ಇಕ್ಕಳಾ ಅಂದ್ರ ಕಂಬಾರಸಾಲ್ಯಾಗ ಕೆಂಡದಾಗಿನ ಕಬ್ಬಿಣಾ ಹಿಡಿತಾರಲ್ರಿ, ಅದು. ನಮ್ಮಪ್ಪನ ಚೀಲದಾಗ ಅದು ಇಲ್ಲರಿ.”

ನಮ್ಮ ಕಡೆ ಕಂಬಾರನ ಕುಲುಮೆಗೂ ಸಾಲಿ ಎನ್ನುತ್ತಾರೆ, ಓದುವ ಶಾಲೆಗೂ ಸಾಲಿ ಎನ್ನುತ್ತಾರೆ. ಆ ದಿನ ಎರಡು ಸಾಲಿಗಳಲ್ಲಿ ಯಾವುದು ಹೆಚ್ಚು ಕಲಿಸಿತ್ತು ಎಂಬುದನ್ನು ನೀವೇ ಹೇಳಬೇಕು. ಹುಡುಗನಿಗೆ ಮೂರು ಹತ್ಯಾರಗಳ ನಡುವಿನ ಭೇದ ಗೊತ್ತಿತ್ತು. ತಿದ್ದಿದವರಿಗೆ ಒಂದೇ ಶಬ್ದ ಗೊತ್ತಿತ್ತು. ಹಿಡಿದು ತಿರುವುವುದಕ್ಕೆ ಪಕ್ಕಡ, ಕಚ್ಚಿ ಕೀಳುವುದಕ್ಕೆ ಜಂಬೂರು, ಬೆಂಕಿಯಿಂದ ಎತ್ತುವುದಕ್ಕೆ ಇಕ್ಕಳ. ಶುದ್ಧ ಮಾಡುತ್ತೇನೆಂದು ಮೂರನ್ನೂ ‘ಇಕ್ಕಳ’ ಎಂದರೆ ಕನ್ನಡಕ್ಕೆ ಎರಡು ಶಬ್ದ ನಷ್ಟವೇ ಹೊರತು ಒಂದೂ ಲಾಭವಿಲ್ಲ. ನಾನು ಆ ವಹಿಯಲ್ಲಿ ಕೆಂಪು ಗೀಟಿನ ಪಕ್ಕದಲ್ಲಿ ‘ಸರಿ’ ಎಂದು ಬರೆದು ಸಹಿ ಮಾಡಿದೆ. ಆದರೆ ನಕ್ಕ ನಗೆಯನ್ನು ಸಹಿ ಮಾಡಿ ಅಳಿಸಲು ಬರುವುದಿಲ್ಲ. ಅದಾದ ಮೇಲೆ ಆ ಹುಡುಗ ತನ್ನ ತಂದೆಯ ಕಸುಬಿನ ಯಾವ ಶಬ್ದವನ್ನೂ ತರಗತಿಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ.

ಅಳತೆಯ ಮಾತೂ ಇದೇ ಜಾತಿಯದು. 1956ರ ಕಾಯಿದೆಯ ಮೂಲಕ ದಶಮಾನ ಪದ್ಧತಿ ಬಂದು, ಪಠ್ಯಪುಸ್ತಕಗಳೆಲ್ಲ ಮೀಟರು, ಮಿಲಿಮೀಟರುಗಳಾದವು. ಬಡಗಿಗಳು ಮಾತ್ರ ಇಂದಿಗೂ ಇಂಚು ಮತ್ತು ಸೂತಗಳಲ್ಲಿ ಮಾತಾಡುತ್ತಾರೆ. ಇಂಚಿಗೆ ಎಂಟು ಸೂತ. ಒಂದು ಸೂತವೆಂದರೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಪೂರ್ಣಾಂಕಗಳ ಲೆಕ್ಕ ಬಾರದೆಂದು ಬೈಸಿಕೊಳ್ಳುತ್ತಿದ್ದ ಹುಡುಗರು, ‘ಐದು ಸೂತಿನ ಹಲಗಿಗೆ ಎರಡು ಸೂತ ಗಾಡಿ ಹೊಡೆದರೆ ಎಷ್ಟು ಉಳಿತು?’ ಎಂದು ಕೇಳಿದಾಗ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೇಳುತ್ತಿದ್ದರು. ಸೂತವೆಂದರೆ ಸೂತ್ರ, ನೂಲಿನೆಳೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಸೆಯ ಸೂತ್ರಧಾರಿಯೆಂದು ಕರೆದಿದೆ. ಅಲ್ಲಿ ಸೂತ್ರಧಾರಿ ನಾಟಕದವನಲ್ಲ, ಕಟ್ಟಡಕ್ಕೆ ನೂಲು ಹಿಡಿಯುವವನು. ಎಂಟನೆಯ ಶತಮಾನದ ಆ ಸೂತ್ರವೇ ಉತ್ತರದ ಭಾಷೆಗಳನ್ನು ಸುತ್ತಿಕೊಂಡು ಸೂತವಾಗಿ ಮರಳಿ ಬಾದಾಮಿಗೆ ಬಂದಿದೆ. ಇದನ್ನು ಹೊರಗಟ್ಟಬೇಕೋ, ಒಳಗೆ ಕರೆದು ಚಹಾ ಕೊಡಬೇಕೋ?

ಇಷ್ಟೆಲ್ಲ ಹೇಳಿದ ಮೇಲೆ, ಮೇಷ್ಟರಿಗೆ ಯಾವ ಚಿಂತೆಯೂ ಇಲ್ಲವೆಂದು ತಿಳಿಯಬೇಡಿ. ಚಿಂತೆಯಿದೆ. ಆದರೆ ಅದು ಹೆಸರಿನದಲ್ಲ, ಕ್ರಿಯಾಪದದ್ದು.

ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಬಿಡುವ ಕಾಲಕ್ಕೆ, ಜನ ತಮ್ಮ ಮನೆಗಳ ತೊಲೆ, ಕಂಬ, ಬಾಗಿಲು ಚೌಕಟ್ಟುಗಳನ್ನು ಬಿಚ್ಚಿ ನವನಗರಕ್ಕೆ ಸಾಗಿಸಿದರು. ನಮ್ಮ ಪರಿಚಿತರೊಬ್ಬರ ಮನೆಯ ಬಾಗಿಲನ್ನು ಹೊಸ ಮನೆಗೆ ಹೊಂದಿಸಲು ಒಬ್ಬ ವೃದ್ಧ ಮಿಸ್ತ್ರಿ ಬಂದಿದ್ದರು. ಮನೆಯ ಮಗ, ಇಂಜಿನಿಯರಿಂಗ್ ಓದುತ್ತಿದ್ದವನು, “ಅಜ್ಜಾ, ಈ ಕಡೆ ಸ್ವಲ್ಪ ಫಿನಿಶಿಂಗ್ ಮಾಡ್ರಿ” ಎಂದ. ಮಿಸ್ತ್ರಿ ಕೆಲಸ ನಿಲ್ಲಿಸಿ ಕೇಳಿದರು: “ಏನ್ ಮಾಡ್ಲೆಪಾ? ಹೆರೀಲೋ, ಕೀಸ್ಲೋ, ಕೆತ್ಲೋ, ಉಜ್ಜಲೋ? ಹೆರಿ ಅಂದ್ರ ಬಾಚಿ ತಗೋತೀನಿ, ಕೀಸು ಅಂದ್ರ ರಂದಾ ತಗೋತೀನಿ, ಕೆತ್ತು ಅಂದ್ರ ಉಳಿ ತಗೋತೀನಿ. ನೀ ಹೇಳಿದ್ದಕ್ಕ ನನ್ನ ಚೀಲದಾಗ ಹತ್ಯಾರ ಇಲ್ಲ.”

ನನ್ನ ವಾದವೆಲ್ಲ ಆ ವೃದ್ಧರ ಮಾತಿನಲ್ಲಿದೆ. ಅವರು ಹಿಡಿದ ಹತ್ಯಾರಗಳಲ್ಲಿ ರಂದಾ ಪಾರಸಿಯದಿರಬಹುದು. ಅದು ಮಾಡುವ ಕೆಲಸ ಕನ್ನಡದ್ದು. ಬರಮಾದಿಂದ ಕೊರೆಯುತ್ತಾರೆ, ಪಾನಾದಿಂದ ಬಿಗಿಯುತ್ತಾರೆ, ಪೇಚಕಸದಿಂದ ತಿರುವುತ್ತಾರೆ, ಜಂಬೂರಿನಿಂದ ಕೀಳುತ್ತಾರೆ, ಕಾನಸದಿಂದ ಅರೆಯುತ್ತಾರೆ ಅಥವಾ ಮಸೆಯುತ್ತಾರೆ. ಉರ್ದು ಬಂದು ಹೆಸರು ಕೊಟ್ಟಿತು, ಕ್ರಿಯೆಯ ಗೊಡವೆಗೆ ಹೋಗಲಿಲ್ಲ. ವಿಭಕ್ತಿ ಪ್ರತ್ಯಯಗಳೂ ನಮ್ಮವೇ ಉಳಿದವು. ಹೆಸ್ಕಾಮಿನ ಲೈನ್‌ಮನ್ ಕಂಬದ ಮೇಲಿಂದ “ಪಕ್ಕಡ್ಲೆ ಹಿಡಿ, ಜಗ್ಗಿ ಬಿಗಿ” ಎಂದು ಕೂಗಿದರೆ, ಆ ವಾಕ್ಯದಲ್ಲಿ ಒಂದು ಶಬ್ದ ಮಾತ್ರ ಎರವಲು, ಉಳಿದದ್ದೆಲ್ಲ ನೆಲದ್ದು.

ಈಗ ನಡೆಯುತ್ತಿರುವುದು ಬೇರೆ. ಟೈಟ್ ಮಾಡು, ಲೂಸ್ ಮಾಡು, ಕಟ್ ಮಾಡು, ಫಿಟ್ ಮಾಡು, ಹೋಲ್ ಮಾಡು, ಜಾಯಿಂಟ್ ಮಾಡು, ಪಾಲಿಶ್ ಮಾಡು. ಬಿಗಿ, ಸಡಿಲಿಸು, ಕತ್ತರಿಸು, ಕೊಯ್ಯು, ಕಡಿ, ಸೀಳು, ಕೂಡಿಸು, ಕೊರೆ, ಬೆಸೆ ಇವೆಲ್ಲವೂ ಒಂದೊಂದಾಗಿ ಎದ್ದುಹೋಗಿ, ಎಲ್ಲದರ ಜಾಗದಲ್ಲಿ ‘ಮಾಡು’ ಎಂಬ ಒಂಟಿ ಕ್ರಿಯಾಪದ ಕುಳಿತಿದೆ. ಮರವನ್ನು ಕಡಿಯುವುದು, ಕೊಯ್ಯುವುದು, ಸೀಳುವುದು ಮೂರು ಬೇರೆ ಕೆಲಸಗಳು, ಮೂರು ಬೇರೆ ಹತ್ಯಾರಗಳು, ಮೂರು ಬೇರೆ ಪಗಾರಗಳು. ‘ಕಟ್ ಮಾಡು’ ಎಂದವನಿಗೆ ಈ ಮೂರರಲ್ಲಿ ಯಾವುದು ಬೇಕೆಂದು ಬಾಯಿಂದ ತಿಳಿಯದು, ಕೈಸನ್ನೆಯಿಂದ ತಿಳಿಯಬೇಕು. ಬಿಗಿಯುವುದರಲ್ಲಿ ಸಹ ಮೇಲು-ಕೆಳಗುಗಳಿದ್ದವು. ನಳದ ಜೋಡಣೆಗೆ “ಕೈಬಿಗಿ ಸಾಕು, ಪಾನಾ ಹಚ್ಚಬ್ಯಾಡ” ಎಂದು ಹೇಳುತ್ತಿದ್ದರು. ಅತಿಯಾಗಿ ಬಿಗಿದರೆ ಎಳೆ ಸವೆಯುತ್ತದೆಂಬ ಯಂತ್ರಶಾಸ್ತ್ರದ ಪಾಠವೊಂದು ಆ ‘ಕೈಬಿಗಿ’ಯಲ್ಲಿ ಅಡಗಿದೆ. ಟೈಟ್ ಎಂಬುದಕ್ಕೆ ಅಂಥ ಮೆಟ್ಟಿಲುಗಳಿಲ್ಲ. ಇಲ್ಲವೆಂದರೆ ಇಂಗ್ಲಿಷಿನಲ್ಲಿ ಇಲ್ಲವೆಂದಲ್ಲ. ನಾವು ಎರವು ತಂದದ್ದು ಒಂದೇ ಮೆಟ್ಟಿಲು.

ಇಲ್ಲಿ ನೀವು ಒಂದು ಆಕ್ಷೇಪವನ್ನು ಎತ್ತಬಹುದು: ಉರ್ದು-ಹಿಂದಿಗಳಿಂದ ಕ್ರಿಯಾಪದಗಳು ಬಂದಿಲ್ಲವೇ? ಬಂದಿವೆ. ಖರ್ಚು ಮಾಡು, ವಜಾ ಮಾಡು, ಸಾಫು ಮಾಡು ಇವು ಪೇಟೆಯಲ್ಲಿ, ಕಚೇರಿಯಲ್ಲಿ ಧಾರಾಳವಾಗಿವೆ. ಆದರೆ ಅಲ್ಲಿಯೂ ಕನ್ನಡ ಸುಮ್ಮನೆ ಕೂರಲಿಲ್ಲ. ಬದಲ್ ಎಂಬುದನ್ನು ತೆಗೆದುಕೊಂಡು ಬದಲಿಸು, ಬದಲಾಯಿಸು ಎಂದು ಮಾಡಿತು. ಜಮಾ ಬಂದರೆ ಜಮಾಯಿಸಿತು, ಚಲಾನಾ ಬಂದರೆ ಚಲಾಯಿಸಿತು. ಹೊರಗಿನ ಮರವನ್ನು ತಂದು ನಮ್ಮ ಚೌಕಟ್ಟಿಗೆ ಕೂಡುವಂತೆ ಕೀಸಿಕೊಂಡಿತು. ‘ಟೈಟಿಸು’, ‘ಲೂಸಾಯಿಸು’ ಎಂದು ಯಾರಾದರೂ ಅಂದಿದ್ದರೆ ನನಗೆ ನಿಜವಾಗಿಯೂ ಸಂತೋಷವಾಗುತ್ತಿತ್ತು. ಕನ್ನಡಕ್ಕೆ ಇನ್ನೂ ಹಲ್ಲಿವೆ, ಅಗಿದು ನುಂಗುತ್ತಿದೆ ಎನ್ನಬಹುದಿತ್ತು. ಈಗ ಅಗಿಯದೆ ನುಂಗುತ್ತಿದೆ.

ಇನ್ನೊಂದು ಸಂಗತಿಯನ್ನು ನವನಗರದ ಹೊಸ ಕಟ್ಟಡಗಳಲ್ಲಿ ಗಮನಿಸಿದ್ದೇನೆ. ರಾಜಸ್ಥಾನ, ಉತ್ತರ ಪ್ರದೇಶಗಳಿಂದ ಬಂದ ಬಡಗಿಗಳು ಈಗ ನಮ್ಮಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಹಳೆಯ ಬಡಗಿಯೊಬ್ಬ ಅವರ ಜೊತೆ ಕುಳಿತಾಗ ಹತ್ಯಾರಗಳ ಹೆಸರಿಗೆ ದುಭಾಷಿ ಬೇಕಾಗಲೇ ಇಲ್ಲ. ರಂದಾ ಎಂದರೆ ರಂದಾ, ಗುನಿಯಾ ಎಂದರೆ ಗುನಿಯಾ. ಆದರೆ ಕೆಲಸ ಹೇಳುವಾಗ ಅವರು ‘ರಂದಾ ಮಾರೋ’ ಎಂದರು, ಇವನು ‘ರಂದಾ ಹೊಡಿ’ ಎಂದ. ಹೆಸರಿನಲ್ಲಿ ನೆಂಟಸ್ತನ, ಕ್ರಿಯೆಯಲ್ಲಿ ಅವರವರ ಮನೆತನ. ನಾನೂರು ವರ್ಷ ಕೂಡಿ ದುಡಿದು ಕನ್ನಡ ಕೆಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಡ.

ಪಟ್ಟಿಯಲ್ಲಿದ್ದ ಇಂಗ್ಲಿಷ್ ಹೆಸರುಗಳ ಮೇಲೂ ನನಗೆ ಸಿಟ್ಟಿಲ್ಲ. ಹುನಗುಂದದಲ್ಲಿ ಗ್ಯಾರೇಜು ನಡೆಸುವ ಶಿಷ್ಯನೊಬ್ಬ ಹೇಳಿದ ಮಾತು ನ್ಯಾಯವಾಗಿದೆ. ಅವನ ತಂದೆಯ ಕಾಲದಲ್ಲಿ ‘ದಸ್-ಗ್ಯಾರಾ ಪಾನಾ’, ‘ಬಾರಾ-ತೇರಾ ಪಾನಾ’ ಎಂದರೆ ಮುಗಿಯುತ್ತಿತ್ತು. ಈಗ ರಿಂಗ್ ಸ್ಪ್ಯಾನರ್, ಬಾಕ್ಸ್ ಸ್ಪ್ಯಾನರ್, ಟಾರ್ಕ್ ರೆಂಚ್ ಎಂದು ಬೇರೆ ಬೇರೆ. ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿ ತರಿಸುವಾಗ ಪಾನಾ ಎಂದರೆ ಅವರು ಮರಳಿ “ಯಾವ ಪಾನಾರಿ?” ಎಂದು ಕೇಳುತ್ತಾರೆ. ಹೊಸ ಹತ್ಯಾರ ತನ್ನ ಹೆಸರನ್ನು ತಾನೇ ತರುತ್ತದೆ, ರಂದಾ ತಂದಂತೆ. ಅವು ಬರಲಿ. ವಾಷರು ನಮ್ಮ ಬಾಯಲ್ಲಿ ವಾಯಿಸರ ಆದಂತೆ, ಪಿಕ್ಯಾಕ್ಸ್ ಪಿಕಾಸಿ ಆದಂತೆ, ಇವೂ ಕಾಲಕ್ರಮದಲ್ಲಿ ನಮ್ಮ ನಾಲಿಗೆಯ ಆಕಾರ ಪಡೆಯುತ್ತವೆ. ಅದೇ ಶಿಷ್ಯ ಮಾತು ಮುಗಿಸುತ್ತ ತನ್ನ ಸಹಾಯಕನಿಗೆ “ಅದನ್ನ ಲೂಸ್ ಮಾಡಿ ಇದನ್ನ ಟೈಟ್ ಮಾಡು” ಎಂದ. ಸ್ಪ್ಯಾನರಿನಿಂದ ಬಿಗಿದರೂ ಬೋಲ್ಟು ಕೂರುತ್ತದೆ ಮಾರಾಯ, ಎಂದೆ. ನಕ್ಕ.

ಇಳಕಲ್ಲಿನವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿಯಾಗಿ ಕೂಡಿಸುವ ಕ್ರಮವುಂಟು. ಹಾಸು, ಹೊಕ್ಕು, ಹೆಣೆ, ಸುತ್ತು, ಕೊಂಡಿ ಹಾಕು ಎಂಬ ಶಬ್ದಗಳು ಇದ್ದವರೆಗೆ ಆ ಕ್ರಮವನ್ನು ಮಗಳಿಗೆ ಬಾಯಿಂದ ಹೇಳಿಕೊಡಬಹುದು. ಅದೇ ಊರಿನ ಕೆಂಪು ಗ್ರಾನೈಟು ದೇಶವಿದೇಶಗಳಿಗೆ ಹೋಗುತ್ತದೆ. ಅಲ್ಲಿಯ ಯಂತ್ರಗಳ ಹೆಸರೆಲ್ಲ ಇಂಗ್ಲಿಷೇ, ಅದು ಸಹಜ. ಆದರೆ ಕಲ್ಲನ್ನು ಕಿವಿಯಿಂದ ಪರೀಕ್ಷಿಸಿ, ಎಳೆ ನೋಡಿ, ಸೀಳುವ ಕಡೆ ಬೆಣೆ ಜಡಿದು ಬಿಡಿಸುತ್ತಿದ್ದ ಕೈಗಳ ಜೊತೆ ಜಡಿ, ಸೀಳು, ಬಿಡಿಸು ಎಂಬ ಮಾತುಗಳೂ ಹೋಗುತ್ತಿವೆ. ಬೀಸುವ ಕಲ್ಲಿಗೆ ಕಕ್ಕು ಹಾಕುವುದು, ಸವೆದ ಕುಡವನ್ನು ಕಾಸಿ ಹಣಿಯುವುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮಿಕ್ಸರು, ಟ್ರ್ಯಾಕ್ಟರು ಬಂದ ಮೇಲೆ ಆ ಕೆಲಸಗಳೇ ಇಲ್ಲವಾದವು. ಹಾಗೆ ಹೋದ ಶಬ್ದಗಳಿಗಾಗಿ ನಾನು ಅಳುವವನಲ್ಲ. ಆದರೆ ಬಿಗಿಯುವ ಕೆಲಸ ಎಲ್ಲಿ ಹೋಗಿದೆ? ಕೊರೆಯುವ ಕೆಲಸ ಎಲ್ಲಿ ಹೋಗಿದೆ? ಕೆಲಸ ಮುಂದೆಯೇ ಇದ್ದು ಶಬ್ದ ಮಾತ್ರ ಹೋಗುವುದು ವ್ಯರ್ಥವಾದ ನಷ್ಟ.

ಆದ್ದರಿಂದ ಪಟ್ಟಿ ಮಾಡಿದ ತರುಣನಿಗೆ ನನ್ನ ಸಲಹೆಯಿಷ್ಟು. ಎಡಭಾಗದಲ್ಲಿರುವ ಪಾನಾ, ಪಕ್ಕಡಗಳನ್ನು ಹಾಗೆಯೇ ಬಿಡು. ಬಲಭಾಗವನ್ನು ಅಳಿಸಿ, ಅಲ್ಲಿ ಆ ಹತ್ಯಾರ ಮಾಡುವ ಕೆಲಸಗಳನ್ನು ಕನ್ನಡದಲ್ಲಿ ಬರೆ. ರಂದಾದ ಮುಂದೆ ಕೀಸು. ಬಾಚಿಯ ಮುಂದೆ ಹೆರೆ, ಕೆತ್ತು. ಕಾನಸದ ಮುಂದೆ ಅರೆ, ಮಸೆ. ಅಂಥ ಪಟ್ಟಿಯನ್ನು ಅಚ್ಚು ಹಾಕಿಸಿದರೆ ಖರ್ಚಿನ ಅರ್ಧ ನನ್ನದು. ಶಾಲೆಯಲ್ಲಿ ಈಗಲೂ ಪಾಠ ಮಾಡುತ್ತಿರುವ ನನ್ನ ಶಿಷ್ಯರು ಸರಳ ಯಂತ್ರಗಳ ಅಧ್ಯಾಯ ಬಂದಾಗ, ಪುಸ್ತಕದಲ್ಲಿರುವ ಒಂದು ಹೆಸರಿನ ಜೊತೆ ಮಕ್ಕಳ ಮನೆಯ ಹೆಸರುಗಳನ್ನೂ ಹಲಗೆಯ ಮೇಲೆ ಬರೆಯಲಿ. ಕಸುಬಿನ ಮನೆಯ ಮಗು ಆ ಒಂದು ದಿನವಾದರೂ ತರಗತಿಯಲ್ಲಿ ಮುಂದೆ ನಿಂತು ಹೇಳಿಕೊಡಲಿ. ಮೊಮ್ಮಕ್ಕಳಿರುವ ಬಂಧುಗಳಿಗೆ ಇನ್ನೂ ಸಣ್ಣ ಕೆಲಸ: ಕ್ಯಾಲೆಂಡರಿಗೆ ಮೊಳೆ ಹಾಕಿಸುವಾಗ ‘ಫಿಕ್ಸ್ ಮಾಡು’ ಎನ್ನದೆ ‘ಬಡಿ’ ಎನ್ನಿರಿ. ಬೆರಳಿಗೆ ಪೆಟ್ಟು ಬಿದ್ದಾಗ ಹೇಗೂ ಕನ್ನಡವೇ ಬರುತ್ತದೆ.

ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನದೋ ಮುತ್ತಜ್ಜನದೋ ಹತ್ಯಾರದ ಚೀಲವಿದ್ದರೆ ಕೆಳಗಿಳಿಸಿ ಬಿಚ್ಚಿ ನೋಡಿರಿ. ಪ್ರತಿಯೊಂದರ ಹೆಸರು, ಅದರಿಂದ ಏನು ಮಾಡುತ್ತಿದ್ದರೋ ಆ ಕ್ರಿಯಾಪದ, ಮತ್ತು ಊರಿನ ಹೆಸರು, ಮೂರನ್ನೂ ಬರೆದು ನನಗೆ ಕಳುಹಿಸಿರಿ. ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆಯೇ ಬರೆಯಿರಿ, ತಿದ್ದಬೇಡಿ. ಹುನಗುಂದದ ಬಡಿಗೇರರ ಓಣಿಯ ಇಬ್ಬರು ಶಿಷ್ಯರು ಮೊದಲು ಕಳುಹಿಸಬೇಕು. ಅವರಿಬ್ಬರೂ ಒಂಬತ್ತನೆಯ ತರಗತಿಯ ಗೃಹಪಾಠವನ್ನೇ ಇನ್ನೂ ಬಾಕಿ ಉಳಿಸಿಕೊಂಡಿದ್ದಾರೆ.